ಪುಸ್ತಕಸೂಚಿಯಲ್ಲಿ ವಾಚಕರ ಮತ

ಗ್ರಂಥಾಲಯದ ಪುಸ್ತಕಸೂಚಿಯು ಗ್ರಂಥದ ಹೆಸರು, ಕರ್ತೃವಿನ ಹೆಸರು, ಮುದ್ರಣದ ವರ್ಷ, ಕಪಾಟಿನ ಅಂಕೆ, ಇಷ್ಟನ್ನು ಹೇಳಿ ಸುಮ್ಮನಾಗುತ್ತಿದ್ದಿತು. ಗುಣದೋಷಗಳ ವಿಷಯದಲ್ಲಿ ಅದರದು ಮೌನವ್ರತ. ಸೂಚಿಯು ಗಣಕಯಂತ್ರವನ್ನು ಸೇರಿದ ಮೇಲೆ ಆ ವ್ರತಕ್ಕೆ ಭಂಗ ಬಂದಿದೆ. 1999ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿ, ನಮ್ಮ ನಾಡಿನ ಅನೇಕ ಕಾಲೇಜುಗಳ ಗ್ರಂಥಾಲಯಗಳಲ್ಲಿಯೂ ಬಳಕೆಗೆ ಬಂದಿರುವ ಕೋಹಾ ಎಂಬ ತಂತ್ರಾಂಶದಲ್ಲಿ ವಾಚಕನು ಪುಸ್ತಕಕ್ಕೆ ಒಂದರಿಂದ ಐದರವರೆಗೆ ನಕ್ಷತ್ರಗಳನ್ನು ಕೊಡಬಹುದು. ಅಭಿಪ್ರಾಯವನ್ನು ಮಾತಿನಲ್ಲಿಯೂ ಬರೆಯಬಹುದು. ಈ ಸೌಕರ್ಯಗಳನ್ನು ತೆರೆಯುವುದೂ ಮುಚ್ಚುವುದೂ ಗ್ರಂಥಾಲಯದವರ ಕೈಯಲ್ಲಿದೆ. ಸಾರ್ವಜನಿಕ ಗ್ರಂಥಾಲಯಗಳಲ್ಲಿ ಇವುಗಳನ್ನು ತೆರೆಯಬಹುದೋ ಬಾರದೋ ಎಂಬುದೇ ಇಲ್ಲಿಯ ವಿಚಾರ.

ಪಂಡಿತರಲ್ಲದವರ ಮತಕ್ಕೆ ಬೆಲೆಯೇನು ಎಂದು ಮೂಗು ಮುರಿಯುವವರು ನಮ್ಮಲ್ಲಿ ಉಂಟು. ನಾನು ಆ ಪಕ್ಷದವನಲ್ಲ. ಶಾಸ್ತ್ರಾಭ್ಯಾಸವಿಲ್ಲದೆಯೂ ಕಾವ್ಯದಲ್ಲಿ ನುರಿತವರೆಂದು ಕನ್ನಡನಾಡಿನ ಜನರನ್ನು ಹೊಗಳಿದುದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು. ಅದು ತಿರುಳ್ಗನ್ನಡದ ನಾಡಿಗೆ ಹೇಳಿದ ಎಲ್ಲೆಗಳಲ್ಲೊಂದಾದ ಕಿಸುವೊಳಲು, ಎಂದರೆ ಪಟ್ಟದಕಲ್ಲು, ಜಮಖಂಡಿಯಿರುವ ಬಾಗಲಕೋಟೆ ಜಿಲ್ಲೆಯಲ್ಲಿಯೇ ಇದೆ. ರಬಕವಿ-ಬನಹಟ್ಟಿಯ ನೇಕಾರನೊಬ್ಬನು ಕಾದಂಬರಿಯೊಂದನ್ನು ಓದಿ ಎರಡು ಮಾತು ಹೇಳಿದರೆ ಕಿವಿಗೊಟ್ಟು ಕೇಳುವೆನು. ನನ್ನ ಆಕ್ಷೇಪವು ಹೇಳುವವನ ಮೇಲಲ್ಲ, ಅವನ ಮಾತನ್ನು ಅಂಕೆಯಾಗಿ ಮಾಡುವುದರ ಮೇಲೆ.

ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಭಾವಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿರುವನಷ್ಟೆ. ಅರೋಚಕಿಗೆ ಯಾವುದೂ ರುಚಿಸದು, ಸತೃಣಾಭ್ಯವಹಾರಿಯು ಹುಲ್ಲುಸಹಿತ ಎಲ್ಲವನ್ನೂ ನುಂಗುವನು, ಮತ್ಸರಿಯು ಎದುರಿಗಿರುವ ಗುಣವನ್ನೂ ಕಾಣದವನಂತಿರುವನು, ತತ್ತ್ವಾಭಿನಿವೇಶಿಯು ಸಾವಿರಕ್ಕೊಬ್ಬನು. ಈ ನಾಲ್ವರೂ ಒಂದೇ ಪುಸ್ತಕಕ್ಕೆ ಕ್ರಮವಾಗಿ ಒಂದು, ಐದು, ಒಂದು, ನಾಲ್ಕು ನಕ್ಷತ್ರಗಳನ್ನು ಕೊಟ್ಟರೆಂದು ಭಾವಿಸೋಣ. ಕೂಡಿಸಿ ಭಾಗಿಸಿದರೆ ಎರಡೂಮುಕ್ಕಾಲು. ಇದು ಯಾರ ಮತ? ನಾಲ್ವರಲ್ಲಿ ಒಬ್ಬರದೂ ಅಲ್ಲ. ಆದರೂ ಸೂಚಿಯಲ್ಲಿ ನಿಲ್ಲುವುದು ಇದೇ. ಹೊಸ ವಾಚಕನ ಕಣ್ಣಿಗೆ ಮೊದಲು ಬೀಳುವುದೂ ಇದೇ.

ಮುಧೋಳದ ರನ್ನನ ಗದಾಯುದ್ಧವನ್ನೇ ತೆಗೆದುಕೊಳ್ಳಿರಿ. ಪರೀಕ್ಷೆಯ ಭಯದಿಂದ ಅದನ್ನು ತೆರೆದು, ಹಳಗನ್ನಡದ ಮೊದಲ ಪದ್ಯದಲ್ಲಿಯೇ ಎಡವಿದ ಹತ್ತು ಮಂದಿ ವಿದ್ಯಾರ್ಥಿಗಳು ಒಂದೊಂದು ನಕ್ಷತ್ರ ಕೊಟ್ಟರೆ, ಕವಿಯ ಸ್ವಂತ ಊರಿನಲ್ಲಿಯೇ ಆ ಗ್ರಂಥಕ್ಕೆ ಅಪಕೀರ್ತಿ. ಅಂಕೆಯನ್ನು ನೋಡಿ ಪುಸ್ತಕಗಳನ್ನು ಕೊಳ್ಳುವ, ಕಪಾಟಿನಿಂದ ತೆಗೆಯುವ ಪದ್ಧತಿಯೂ ಜೊತೆಗೆ ಬಂದರೆ, ಮರುಮುದ್ರಣದ ಪ್ರತಿಯನ್ನು ತರಿಸುವವರಾರು? ವಿದ್ಯಾರ್ಥಿಗಳಿಗೆ ಕಷ್ಟವಾದುದು ನಿಜ. ಅದನ್ನು ಅವರು ಮಾತಿನಲ್ಲಿ ಹೇಳಿದ್ದರೆ ಮುಂದಿನವರಿಗೆ ಎಚ್ಚರಿಕೆಯಾಗುತ್ತಿತ್ತು, ಅಧ್ಯಾಪಕರಾದ ನಮಗೂ ತಿಳಿಯುತ್ತಿತ್ತು.

ಶಿಫಾರಸು ನಮ್ಮಲ್ಲಿ ಹೊಸತಲ್ಲ. 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಮೆಚ್ಚಿದವರು ಯಾರೆಂದು ನಾಡಿಗೆ ತಿಳಿದಿತ್ತು, ಮೆಚ್ಚಿಕೆಗೆ ಆಕೆ ವೆಚ್ಚವನ್ನೂ ಮಾಡಿದ್ದಳು. ಇಂದಿನ ವಾಚಕನಿಂದ ಅಷ್ಟನ್ನು ಬೇಡುವುದಿಲ್ಲ. ನಾಲ್ಕು ಸಾಲು ಬರೆಯುವ ಶ್ರಮವನ್ನಾದರೂ ಬೇಡಬಹುದು.

ಇದನ್ನು ಒಯ್ದವರು ಅದನ್ನೂ ಒಯ್ದರು ಎಂದು ಯಂತ್ರವೇ ಸೂಚಿಸುವ ಪದ್ಧತಿಯೂ ಈಗ ಕೆಲವೆಡೆ ಇದೆ. ಬಹುಜನರು ಓದಿದುದರಿಂದ ಬಹುಜನರು ಓದಿದುದಕ್ಕೇ ಅದು ದಾರಿ ತೋರಿಸುವುದು ಹೆಚ್ಚು. ಪ್ರತಿಯೊಂದು ಪುಸ್ತಕಕ್ಕೂ ಅದರ ವಾಚಕನು ದೊರೆಯಬೇಕೆಂದು 1931ರಲ್ಲಿ ಸೂತ್ರ ಮಾಡಿದ ರಂಗನಾಥನ್ ಅವರ ಉದ್ದೇಶವು ಇದರಿಂದ ನೆರವೇರದು. ಆರ್. ನರಸಿಂಹಾಚಾರ್ಯರ ಕವಿಚರಿತೆಯೂ ಒಂದು ಬಗೆಯ ಸೂಚಿಯೇ. 1907ರಲ್ಲಿ ಅದರ ಮೊದಲ ಸಂಪುಟ ಬಂದಿತು. ಯಾರೂ ಕೇಳದ ಕವಿಗಳ ಹೆಸರನ್ನೂ ಅದು ಬಿಡಲಿಲ್ಲ. ಪದ್ಯಗಳ ಮಾದರಿಯನ್ನು ಮುಂದಿಟ್ಟು ತೀರ್ಪನ್ನು ಬಹುಮಟ್ಟಿಗೆ ನಮಗೇ ಬಿಟ್ಟಿತು.

ಕೋಹಾದಲ್ಲಿ ಬರೆದ ಅಭಿಪ್ರಾಯವನ್ನು ಗ್ರಂಥಪಾಲಕರು ನೋಡಿ ಒಪ್ಪಿದ ಮೇಲೆಯೇ ಪ್ರಕಟಿಸಲು ಅವಕಾಶವುಂಟು; ಬರೆದವರ ಹೆಸರನ್ನೂ ತೋರಿಸಬಹುದು. ನಕ್ಷತ್ರಗಳ ಸರಾಸರಿಗೆ ಹೆಸರೂ ಇಲ್ಲ, ಕಾರಣವೂ ಇಲ್ಲ. ಆದುದರಿಂದ ತಾಲ್ಲೂಕಿನ ಗ್ರಂಥಾಲಯಗಳು ನಕ್ಷತ್ರಗಳನ್ನು ಮುಚ್ಚಿ ಮಾತಿಗೆ ಮಾತ್ರ ಎಡೆಗೊಡುವುದು ಯುಕ್ತವೆಂದು ನನಗೆ ತೋರುತ್ತದೆ. ಬರೆಯುವವರು ತಾವು ಓದಿದುದು ಬರಿಯ ಮೂಲವನ್ನೋ ಅರ್ಥತಾತ್ಪರ್ಯಸಹಿತವಾದ ಮುದ್ರಣವನ್ನೋ ಎಂಬುದನ್ನೂ ತಿಳಿಸತಕ್ಕದ್ದು. ಹಳಗನ್ನಡದ ಗ್ರಂಥಗಳ ವಿಷಯದಲ್ಲಿ ಮುಂದಿನ ವಾಚಕನು ಮೊದಲು ಕೇಳುವುದು ಅದನ್ನೇ.