ತಾಯಿಯ ಕೈಯ ಕೌದಿ
ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಹಳ್ಳಿಮನೆಗಳಲ್ಲಿ ತೀರಿಹೋದ ಗೃಹಿಣಿಯ ಬಾಳನ್ನು ಅವಳು ಹೊಲಿದಿಟ್ಟ ಕೌದಿಯಷ್ಟು, ಅಂದರೆ ಹಳೆಯ ಬಟ್ಟೆಗಳನ್ನು ಪದರಪದರವಾಗಿ ಕೂಡಿಸಿದ ಹೊದಿಕೆಯಷ್ಟು, ನಿಚ್ಚಳವಾಗಿ ನೆನಪಿಸುವ ವಸ್ತು ಮತ್ತೊಂದಿಲ್ಲ. ಗಂಡನ ಸವೆದ ಧೋತರವನ್ನು ಒಳಪದರವಾಗಿಸಿ, ಮಕ್ಕಳ ಅಂಗಿಯ ತುಂಡುಗಳನ್ನು ಮೇಲ್ಮೈಯ ಚೌಕಗಳಾಗಿಸಿ, ತನ್ನದೇ ಇಳಕಲ್ ಸೀರೆಯ ಟೋಪ್‌ತೆನಿ ಸೆರಗನ್ನು, ಎಂದರೆ ಕೆಂಪು ನೆಲದಲ್ಲಿ ಬಿಳಿಯ ಹಲ್ಲುಗಳು ಚಾಚಿದಂಥ ನೇಯ್ಗೆಯ ಸೆರಗನ್ನು, ಅಂಚಿಗೆ ಕೂಡಿಸುವಾಗ ಬಣ್ಣ ಹೊಂದಿಸುವ ಅವಳ ಕಣ್ಣು ಯಾವ ಚಿತ್ರಕಾರನಿಗೂ ಕಡಿಮೆಯದಲ್ಲ. ಅಂಚಿನಿಂದ ನಡುವಿನತ್ತ ಸುತ್ತುತ್ತ ಸಾಗುವ ಸಣ್ಣ ಹೊಲಿಗೆಯು ಗೆರೆ ಎಳೆಯದೆಯೂ ಸಾಲು ತಪ್ಪುವುದಿಲ್ಲ. ಒಗೆದಷ್ಟೂ ಅರಿವೆ ಮೆದುವಾಗಿ, ಸಾಲುಗಳ ನಡುವೆ ಉತ್ತ ಹೊಲದಂತೆ ಉಬ್ಬುಗಳೇಳುತ್ತವೆ. ಹುಟ್ಟಿದ ಕೂಸಿಗೂ ಬಂದ ಬೀಗರಿಗೂ ಆ ಕೌದಿಯ ಬಿಸುಪೇ ಸಲ್ಲುತ್ತದೆ. ನಿಮ್ಮ ಮನೆಯ ಟ್ರಂಕಿನ ತಳದಲ್ಲಿ ಅಂಥದೊಂದು ಕೌದಿಯಿದ್ದರೆ ಅದನ್ನು ತೆಗೆದು ಎಳೆಬಿಸಿಲಿಗೆ ಹರವಿರಿ.