ಗೀರಿದ ಮಾತು, ಒಂಟಿ ಮುಖ

ಇರಾಕ್ ಯುದ್ಧಕ್ಕೆ ತಮ್ಮ ಸರಕಾರ ನೀಡುತ್ತಿದ್ದ ಸಮರ್ಥನೆಗಳಿಂದ ರೋಸಿಹೋದ ಅಮೆರಿಕದ ಚಿತ್ರಕಾರ ರಾಬರ್ಟ್ ಶೆಟರ್ಲಿ, ಸತ್ಯ ನುಡಿದ ತಮ್ಮ ನಾಡಿನವರ ಭಾವಚಿತ್ರಗಳನ್ನು ರಚಿಸತೊಡಗಿದರು. ಐವತ್ತಕ್ಕೆ ನಿಲ್ಲಬೇಕಿದ್ದ ಮಾಲಿಕೆ ಇನ್ನೂರನ್ನು ದಾಟಿದೆ.

ಮುಖಗಳ ರಚನಾಶೈಲಿಯಲ್ಲಿ ಹೊಸತೇನೂ ಇಲ್ಲ. ಚಿತ್ರದ ಸತ್ವವಿರುವುದು ಅಕ್ಷರಗಳಲ್ಲಿ. ಆಯಾ ವ್ಯಕ್ತಿಯ ಮಾತನ್ನು ಬಣ್ಣದ ಮೇಲೆ ಬರೆದಿಲ್ಲ. ಬಣ್ಣವನ್ನೇ ಗೀರಿ ಮೂಡಿಸಲಾಗಿದೆ. ಸತ್ಯಕ್ಕಾಗಿ ತೆತ್ತ ಬೆಲೆ ಆ ಗೀರುಗಳಲ್ಲೇ ಕಾಣುತ್ತದೆ. ಪ್ರತಿಮೆಗೆ ಸಲ್ಲುವ ಗೌರವ ಮೂಲವ್ಯಕ್ತಿಯನ್ನು ಮುಟ್ಟುತ್ತದೆಂದು ಎರಡನೆಯ ನೈಸಿಯಾ ಮಹಾಸಭೆ 787ರಲ್ಲಿ ಬೋಧಿಸಿತು. ಇಲ್ಲಿಯಾದರೋ ವ್ಯಕ್ತಿಯನ್ನು ಮುಟ್ಟಬೇಕಾದರೆ ಮೊದಲು ಆಕೆಯ ಮಾತಿಗೆ ಕಿವಿಗೊಡಬೇಕು.

ನನ್ನ ಆಕ್ಷೇಪವಿರುವುದು ಬರಿದಾದ ಹಿನ್ನೆಲೆಯ ಬಗ್ಗೆ. ಅದರೆದುರು ಪ್ರತಿಯೊಬ್ಬರೂ ಒಂಟಿಯಾಗುತ್ತಾರೆ. ಮಾಲಿಕೆಯಲ್ಲಿರುವ ಡೊರೊಥಿ ಡೇ ಅವರನ್ನೇ ಪರಿಗಣಿಸೋಣ. 1933ರಲ್ಲಿ ಪೀಟರ್ ಮೌರಿನ್ ಅವರೊಡನೆ 'ಕ್ಯಾಥೊಲಿಕ್ ವರ್ಕರ್' ಪತ್ರಿಕೆ ಆರಂಭಿಸಿದ ಆಕೆಯ ಧೈರ್ಯ ಒಂಟಿ ವೀರರದ್ದಲ್ಲ; ಅನುದಿನದ ಬಲಿಪೂಜೆಯಲ್ಲಿ, ಹಸಿದವರ ಊಟದ ಸಾಲಿನ ನಡುವೆ ಬಲಿತದ್ದು. ಹಿಬ್ರಿಯರಿಗೆ ಬರೆದ ಪತ್ರ ಸಾಕ್ಷಿಗಳನ್ನು ಮೇಘವೆಂದು ಕರೆಯುವುದು ಸುಮ್ಮನಲ್ಲ.

ಚಿತ್ರಕಾರರನ್ನಷ್ಟೇ ದೂರುವುದು ನ್ಯಾಯವಲ್ಲ. ಪ್ರವಾದಿಗಳ ಸಮಾಧಿಗಳನ್ನು ಕಟ್ಟುವವರ ಕುರಿತು ಯೇಸುಸ್ವಾಮಿ ಹೇಳಿದ್ದು (ಮತ್ತಾಯ 23:29) ಧಾರ್ಮಿಕರಿಗೇ. ಡೇ ಅವರನ್ನು ಸಂತಪದವಿಗೇರಿಸುವ ಪ್ರಕ್ರಿಯೆ 2000ದಲ್ಲಿ ಆರಂಭವಾಯಿತು. ಬಡವರ ಮೇಲಿನ ಆಕೆಯ ಮಮತೆಯನ್ನು ನಮ್ಮ ಪ್ರಬೋಧನೆಗಳು ಕೊಂಡಾಡುತ್ತವೆ. 1973ರಲ್ಲಿ, ತಮ್ಮ 75ನೆಯ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದ ಕೃಷಿಕಾರ್ಮಿಕರ ಪರ ನಿಂತು ಆಕೆ ಸೆರೆಮನೆಗೆ ಹೋದದ್ದನ್ನು ನಮ್ಮಲ್ಲಿ ಎಷ್ಟು ಮಂದಿ ಪೀಠದಿಂದ ಹೇಳಿದ್ದೇವೆ?