ಹಂದಿಗೋಡು ಕಾಯಿಲೆಯೂ ಕಾರಣನಿರ್ಣಯವೂ

ಅನ್ನಪಾನಗಳೊಡನೆ ದೇಹವನ್ನು ಹೊಕ್ಕ ಅನ್ಯವಸ್ತುವೇ ರೋಗಕ್ಕೆ ಕಾರಣವೆಂದು ಸ್ಥಾಪಿಸಲು ಎಷ್ಟು ಪ್ರಮಾಣ ಬೇಕು? ಮೈಕ್ರೋಪ್ಲಾಸ್ಟಿಕ್ಕನ್ನು ಕುರಿತು ಇಂದು ನಡೆಯುತ್ತಿರುವ ಈ ಚರ್ಚೆ ಮಲೆನಾಡಿಗೆ ಹೊಸತಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1974-75ರ ಸುಮಾರಿಗೆ ಬೆಳಕಿಗೆ ಬಂದ ಕೀಲುರೋಗದ ವಿಷಯದಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು. ಸೊಂಟ ಮಂಡಿಗಳಲ್ಲಿ ತಾಳಲಾರದ ನೋವು, ಕುಂಟು ನಡೆ, ಕೆಲವರಲ್ಲಿ ಕುಳ್ಳು ಮೈ. ರೋಗಿಗಳು ಬಹುಮಟ್ಟಿಗೆ ದಲಿತ ಕೂಲಿಕಾರರು.

ಕೀಟನಾಶಕ ಬಿದ್ದ ಗದ್ದೆಯ ಏಡಿ ಮೀನುಗಳನ್ನು ತಿಂದುದರ ಫಲವಿದೆಂಬುದು ಆಗ ಹೊರಟ ವಾದ. ಬಡವನ ಊಟವೇ ವಿಷವಾಯಿತೆಂಬ ಕಥನಕ್ಕೆ ಮನಸ್ಸು ಬೇಗ ಒಲಿಯುತ್ತದೆ; ಆದುದರಿಂದಲೇ ಅದನ್ನು ಹೆಚ್ಚು ಕಟುವಾಗಿ ಪರೀಕ್ಷಿಸಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿಯವರು 1977ರ ತಮ್ಮ ಲೇಖನದಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಕರೆದರು. ಈ 'ಕೌಟುಂಬಿಕ' ಎಂಬ ವಿಶೇಷಣ ಸಂದಿಗ್ಧವಾದುದು. ಕುಟುಂಬವು ರಕ್ತವನ್ನು ಹಂಚಿಕೊಳ್ಳುವಂತೆ ಮಡಕೆಯ ಅನ್ನವನ್ನೂ ಹಂಚಿಕೊಳ್ಳುತ್ತದಷ್ಟೆ! ಮನೆಮಂದಿಯಲ್ಲಿ ರೋಗ ಕಂಡಿತೆಂಬ ಮಾತ್ರಕ್ಕೆ ವಂಶವೋ ವಿಷವೋ ಎಂಬುದು ತೀರ್ಮಾನವಾಗದು. ಅಗರ್‌ವಾಲರೂ ಸಂಗಡಿಗರೂ 1990ರ ದಶಕದಲ್ಲಿ ಎಕ್ಸ್-ರೇ ಚಿತ್ರಗಳ ಮೂಲಕ ಎಲುಬಿನ ತುದಿಗಳ ಬೆಳವಣಿಗೆಯ ದೋಷವನ್ನು ತೋರಿಸಿ, ವಂಶಾವಳಿಗಳಿಂದ ಅದು ಪ್ರಬಲ ಆನುವಂಶಿಕ ಗುಣವೆಂದು ವಾದಿಸಿದುದು ಇದಕ್ಕಿಂತ ಗಟ್ಟಿಯಾದ ನೆಲ. ತಾಯಿತಂದೆಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಅರ್ಧದಷ್ಟು ಸಂಭವ. ಒಂದೇ ಮಡಕೆಯುಂಡ ಒಡಹುಟ್ಟಿದವರಲ್ಲಿ ಒಬ್ಬ ಕುಂಟಿ ಇನ್ನೊಬ್ಬ ನೆಟ್ಟಗೆ ನಡೆಯುವುದನ್ನು ಇದು ಸುಲಭವಾಗಿ ವಿವರಿಸುತ್ತದೆ. ಇಂತಹ ರೋಗ ಹಬ್ಬಲು ಸೋದರಸಂಬಂಧದ ಮದುವೆ ಬೇಕಿಲ್ಲ. ಆ ಜನರ ಮದುವೆಯ ವಾಡಿಕೆಯನ್ನೇ ದೂರುವವರು ಇದನ್ನು ಮರೆಯುತ್ತಾರೆ. ಈ ರೋಗದ ಮಟ್ಟಿಗೆ ಕೀಟನಾಶಕವು ಬಿಡುಗಡೆ ಪಡೆದರೆ ಉಳಿದ ಆರೋಪಗಳಿಂದಲೂ ಬಿಡುಗಡೆಯಾದಂತಲ್ಲವೆಂಬುದು ಬೇರೆ ಮಾತು.

ಈಗ ಮೈಕ್ರೋಪ್ಲಾಸ್ಟಿಕ್ಕಿಗೆ ಬರೋಣ. 2024ರಲ್ಲಿ ಪ್ರಕಟವಾದ ಇಟಲಿಯ ಸಂಶೋಧನೆಯಲ್ಲಿ ಕತ್ತಿನ ರಕ್ತನಾಳದ ಕೊಬ್ಬುಗಟ್ಟನ್ನು ತೆಗೆಸಿಕೊಂಡ 257 ರೋಗಿಗಳ ಪೈಕಿ 150 ಮಂದಿಯಲ್ಲಿ ಪಾಲಿಥೀನ್ ಕಣಗಳು ಸಿಕ್ಕಿದುವು. ಮುಂದಿನ ಸುಮಾರು 34 ತಿಂಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು, ಮರಣಗಳು ಕಣವುಳ್ಳವರಲ್ಲಿಯೇ ಅಧಿಕ. ಇದು ಕಾರಣವನ್ನು ಸಿದ್ಧಪಡಿಸದೆಂದು ಲೇಖಕರೇ ಬರೆದಿರುವುದು ಅವರ ಹಿರಿಮೆ. ಪತ್ರಿಕೆಗಳ ತಲೆಬರಹಗಳಿಗೆ ಆ ಸಂಯಮವಿರಲಿಲ್ಲ. ಆದರೂ ಹಂದಿಗೋಡಿನ ಏಡಿವಾದಕ್ಕಿಂತ ಇದು ಒಂದು ಹೆಜ್ಜೆ ಮುಂದೆ: ಇಲ್ಲಿ ವಸ್ತುವನ್ನು ರೋಗಿಯ ಊತಕದಲ್ಲಿಯೇ ಅಳೆದಿದ್ದಾರೆ, ಅನಂತರ ಕಾದು ನೋಡಿದ್ದಾರೆ.

ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಕೊಳೆರೋಗಕ್ಕೆ ಅಂಜಿ ಅಡಕೆಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವ ತೋಟಗಳುಂಟು. ಅಲ್ಲಿ ಶೋಧಿಸ ಹೊರಡುವವರು ಬಾವಿಯ ನೀರಿನಲ್ಲಿ ಕಣಗಳನ್ನು ಎಣಿಸುವುದಕ್ಕೆ ಮೊದಲು, ಯಾವ ಮನೆಯನ್ನು ಯಾವ ಮನೆಯೊಡನೆ, ಎಷ್ಟು ವರ್ಷ ಹೋಲಿಸುವೆವೆಂಬುದನ್ನು ಬರೆದಿಡಬೇಕು.